ಬೆವರದ ಮಗುವಿಗೊಂದು ಊರು

ನನ್ನ ಮಗನಿಗೆ ಬೆವರು ಬರುವುದಿಲ್ಲ. ಈ ಮಾತು ಕೇಳಿದ ಕೂಡಲೇ ಬಹಳ ಜನ "ಪುಣ್ಯವಂತ ಬಿಡ್ರಿ" ಎಂದು ನಗುತ್ತಾರೆ. ಕಲಬುರಗಿಯ ಏಪ್ರಿಲ್‌ನಲ್ಲಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತವರಿಗೆ ಹಾಗನ್ನಿಸಿದರೆ ತಪ್ಪೇನಿಲ್ಲ. ಬೆವರು ಮೈಯನ್ನು ತಂಪು ಮಾಡುತ್ತದೆ ಎಂದು ನಾನು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡಿದವಳು. ಆದರೂ ಆ ಪಾಠದ ಅರ್ಥ ನನಗೆ ತಿಳಿದದ್ದು ಮಗ ಹುಟ್ಟಿ ಎರಡು ಬೇಸಿಗೆ ಕಳೆದ ಮೇಲೆ.

ಮೊದಲ ಬೇಸಿಗೆಯಲ್ಲಿ ಅವನಿಗೆ ಜ್ವರ ಬಿಡಲೇ ಇಲ್ಲ. ಔಷಧಿ ಕುಡಿಸಿದರೆ ಇಳಿಯುತ್ತಿರಲಿಲ್ಲ, ಸಂಜೆ ಒಂದು ಅಡ್ಡಮಳೆ ಬಿದ್ದರೆ ತಾನಾಗಿ ಇಳಿಯುತ್ತಿತ್ತು. ಮಲೇರಿಯಾ ಇರಬಹುದೆಂದರು, ಟೈಫಾಯ್ಡ್ ಎಂದರು, ಸೂಜಿ ಚುಚ್ಚಿ ಚುಚ್ಚಿ ರಕ್ತ ತೆಗೆದರು. ಹಲ್ಲು ಬರುವ ಕಾಲಕ್ಕೆ ಹಲ್ಲು ಬರಲಿಲ್ಲ. ಕೂದಲು ನೆತ್ತಿ ಕಾಣುವಷ್ಟು ತೆಳ್ಳಗಿತ್ತು. ಎರಡನೇ ವರ್ಷ ಮೇಲಿನ ಒಸಡಿನಲ್ಲಿ ಎರಡು ಹಲ್ಲು ಮೊಳೆಯ ತುದಿಯ ಹಾಗೆ ಚೂಪಾಗಿ ಮೂಡಿದವು. ಅದನ್ನು ನೋಡಿದ ಮಕ್ಕಳ ಡಾಕ್ಟರು ಅವನ ಅಂಗೈಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ಪರೀಕ್ಷಿಸಿ, "ಇವನ ಮೈಯಾಗ ಬೆವರಿನ ಗ್ರಂಥಿನೇ ಇಲ್ಲ ಟೀಚರ್. ಹುಟ್ಟಿನಿಂದ ಬಂದದ್ದು. ಬುದ್ಧಿಗೇನೂ ತೊಂದರಿ ಇಲ್ಲ, ಆಯುಷ್ಯಕ್ಕೂ ಇಲ್ಲ. ಬಿಸಿಲಿನಿಂದ ಮಾತ್ರ ಕಾಯ್ರಿ" ಎಂದರು.

ಹೊಳೆಯೊಳಗೆ ನಿಂತವರಿಗೆ ನೀರು ತಾಗದಂತೆ ನೋಡಿಕೊಳ್ಳಿ ಎಂದ ಹಾಗಾಯಿತು.

ನಾವು ಆಗ ಜೇವರ್ಗಿ ಕಾಲೋನಿಯಲ್ಲಿ ಕೆಳಗಿನ ಅಂತಸ್ತಿನ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮೇಲಿನ ಅಂತಸ್ತಿನ ಛತ್ತು ಕಾಯುತ್ತದೆಂದು ಹುಡುಕಿ ಹುಡುಕಿ ಹಿಡಿದ ಮನೆ ಅದು. ನಾನು ಕೇಂದ್ರ ಸರ್ಕಾರದ ಒಂದು ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ನನ್ನ ಗಂಡನದು ನೆಹರು ಗಂಜಿನ ಪೇಟೆಯಲ್ಲಿ ಮೋಟಾರು ರಿಪೇರಿ ಅಂಗಡಿ. ದಾಲ್ ಮಿಲ್ಲುಗಳಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಬರಿಸುವುದು ಅವರ ಕೆಲಸ. ಮಗಳು ದೊಡ್ಡವಳು, ಮಗನಿಗಿಂತ ಆರು ವರ್ಷಕ್ಕೆ ಹಿರಿಯಳು.

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ನಮ್ಮ ಮನೆಯಲ್ಲಿ ನೀರಿನ ಬದುಕು ಶುರುವಾಗುತ್ತಿತ್ತು. ಮಗ ಒದ್ದೆ ಬನಿಯನ್ನಿನಲ್ಲೇ ಆಡುತ್ತಿದ್ದ, ಒದ್ದೆ ಬನಿಯನ್ನಿನಲ್ಲೇ ಉಣ್ಣುತ್ತಿದ್ದ. ಶಾಲೆಯಲ್ಲಿ ಅವನ ಚೀಲದೊಳಗೆ ಮುಚ್ಚಳಕ್ಕೆ ತೂತು ಕೊರೆದ ಬಾಟಲಿ ಇರುತ್ತಿತ್ತು. ಅವನ ತರಗತಿಯ ಹುಡುಗರಿಗೆ ಅದೊಂದು ಆಟವೇ ಆಗಿಹೋಗಿತ್ತು. ಬಿಡುವಿನಲ್ಲಿ ಸರದಿಯ ಮೇಲೆ ಅವನ ತಲೆಗೆ ನೀರು ಚಿಮ್ಮಿಸುತ್ತಿದ್ದರು. ಮನೆಯಲ್ಲಿ ಕೂಲರು ಹಗಲೆಲ್ಲ ಗರಗರ ತಿರುಗುತ್ತಿತ್ತು. ಅದರ ಸದ್ದು ನಿಂತರೆ ನಾವೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದೆವು.

ಅದು ನಿಜವಾಗಿ ನಿಂತದ್ದು ಮಗನಿಗೆ ಏಳು ವರ್ಷವಾಗಿದ್ದ ಏಪ್ರಿಲ್‌ನಲ್ಲಿ. ನಾನು ಶಾಲೆಯಲ್ಲಿದ್ದೆ, ಗಂಡ ಅಂಗಡಿಯಲ್ಲಿದ್ದರು, ತಮ್ಮ ಶಾಲೆಗೆ ರಜೆ ಬಿದ್ದಿದ್ದರಿಂದ ಮಕ್ಕಳಿಬ್ಬರೇ ಮನೆಯಲ್ಲಿದ್ದರು. ಮಧ್ಯಾಹ್ನ ಕಾಲೋನಿಯ ಟ್ರಾನ್ಸ್‌ಫಾರ್ಮರ್ ಢಬ್ ಎಂದು ಸಿಡಿಯಿತಂತೆ. ಇನ್ವರ್ಟರಿನ ಮೇಲೆ ಕೂಲರು ಸ್ವಲ್ಪ ಹೊತ್ತು ತಿರುಗಿ ನಿಂತುಹೋಯಿತು. ಮೇಲಿನ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುವ ಹಾಗಾಗಿತ್ತು. ಮಗಳು ತಮ್ಮನನ್ನು ಬಚ್ಚಲಿನ ಫರ್ಸಿ ಕಲ್ಲಿನ ಮೇಲೆ ಮಲಗಿಸಿ, ಕುಡಿಯುವ ನೀರಿನ ಮಡಕೆಯನ್ನೇ ಎತ್ತಿ ಅವನ ಮೈಮೇಲೆ ಸುರಿದು, ಅಪ್ಪನಿಗೆ ಫೋನು ಮಾಡಿದಳು. ಅವರು ಗಂಜಿನಿಂದ ಬರುವಷ್ಟರಲ್ಲಿ ಅವನು ಕರೆದರೆ ಓಗೊಡುತ್ತಿರಲಿಲ್ಲ. ಒದ್ದೆ ಚಾದರದಲ್ಲಿ ಸುತ್ತಿ ಸ್ಕೂಟರಿನ ಮೇಲೆ ನಡುವೆ ಕೂರಿಸಿಕೊಂಡು, ಮಗಳು ಹಿಂದಿನಿಂದ ತಬ್ಬಿ ಹಿಡಿದು, ಕ್ಲಿನಿಕ್ಕಿಗೆ ಒಯ್ದಿದ್ದರು. ನಾನು ಅಲ್ಲಿ ತಲುಪಿದಾಗ ಮೈತುಂಬ ಐಸಿನ ಚೀಲಗಳನ್ನಿಟ್ಟುಕೊಂಡು ಮಲಗಿದ್ದ. ಕಣ್ಣು ಬಿಟ್ಟು ನನ್ನನ್ನು ನೋಡಿದ, ಆದರೆ ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಆ ಸ್ವಲ್ಪ ಹೊತ್ತನ್ನು ನಾನು ಇವತ್ತಿಗೂ ಮರೆತಿಲ್ಲ.

ಸಂಜೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. "ಈ ಸಲ ಉಳದಾನ. ವರ್ಷಾ ವರ್ಷಾ ಬಿಸಿಲು ಏರೇ ಏರ್ತದ, ಕರೆಂಟಿನ ಭರವಸಿ ಇಲ್ಲ. ಟೀಚರ್, ನಿಮ್ಮದು ಕೇಂದ್ರದ ನೌಕರಿ ಅಲ್ಲೇನು? ತಂಪು ಊರಿಗೆ ವರ್ಗ ಕೇಳಿ ನೋಡ್ರಿ, ನಾ ಬರದು ಕೊಡ್ತೀನಿ" ಎಂದರು. ಆಮೇಲೆ, ಏನೋ ನೆನಪಾದವರಂತೆ, "ಇದು ತಾಯಿ ಕಡಿಂದ ಬರ್ತದ. ನಿಮ್ಮ ತವರಾಗ ಯಾರಿಗರೆ ಹಿಂಗ ಇತ್ತೇನು, ಕೇಳ್ರಿ" ಎಂದರು.

ವರ್ಗಕ್ಕೆ ಕೇಳಿದೆ. ಮೊದಲು ಬೆಂಗಳೂರು, ಆಮೇಲೆ ಕೊಡಗು, ಕೊನೆಗೆ ಎಲ್ಲಿ ಚಳಿಯಿದೆಯೋ ಅಲ್ಲಿ ಎಂದು ಬರೆದೆ. ಬೆಂಗಳೂರಿನಲ್ಲಿ ನನ್ನ ವಿಷಯಕ್ಕೆ ಜಾಗವಿರಲಿಲ್ಲ, ಕೊಡಗಿನಲ್ಲೂ ಇರಲಿಲ್ಲ. ಯಾರೂ ಹೋಗಲು ಒಪ್ಪದ ಜಾಗಗಳು ಮಾತ್ರ ಯಾವಾಗಲೂ ಖಾಲಿ ಇರುತ್ತವೆ. ಹಿಮಾಚಲದ ಬೆಟ್ಟಗಳ ನಡುವೆ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಹಾಕಿದರು. ಜೂನ್ ಮುಗಿಯುವುದರೊಳಗೆ ಹಾಜರಾಗಬೇಕು, ಇಲ್ಲವಾದರೆ ಬರುವುದಿಲ್ಲವೆಂದು ಬರೆದುಕೊಡಬೇಕು.

ಕೇಳಿದ್ದು ನಾನೇ, ಆದರೆ ಅಷ್ಟು ದೂರವನ್ನು ಎಣಿಸಿರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಸೊಲ್ಲಾಪುರ, ಹೈದರಾಬಾದು ದಾಟಿ ಸಂಸಾರ ಹೂಡಿದವರಲ್ಲ. ಗಂಡ ಆದೇಶವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಗುಡ್ಡದ ಮ್ಯಾಲ ದಾಲ್ ಮಿಲ್ಲು ಇರ್ತಾವೇನು?" ಎಂದರು.

ನಗುವುದಕ್ಕೆಂದೇ ಕೇಳಿದ್ದರು. ನಗು ಯಾರಿಗೂ ಬರಲಿಲ್ಲ. ಆ ಅಂಗಡಿಯನ್ನು ಅವರು ಹುಡುಗನಾಗಿದ್ದಾಗಿನಿಂದ ಕೆಲಸ ಕಲಿತು ಕಟ್ಟಿದ್ದು. ಗಂಜಿನಲ್ಲಿ ಮೋಟಾರಿನ ಸದ್ದು ಕೇಳಿಯೇ ಯಾವ ಮಿಲ್ಲಿನದು ಎಂದು ಹೇಳುವ ಮನುಷ್ಯನನ್ನು ಬೆಟ್ಟದ ಮೇಲೆ ಒಯ್ದು ಏನು ಮಾಡಲಿ? ಮಗಳು ಒಂಬತ್ತನೇ ತರಗತಿಗೆ ಹೋಗುವವಳು. ಅವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಏನೂ ಹೇಳದೆ ಒಳಗೆ ಹೋದಳು. ನನಗೆ ಅದೇ ಹೆಚ್ಚು ಅಂಜಿಕೆಯಾಯಿತು.

ಅಲ್ಲಿಯ ಶಾಲೆಯ ಮುಖ್ಯಸ್ಥೆಗೆ ಫೋನು ಮಾಡಿದೆ. ಒಳ್ಳೆಯ ಹೆಂಗಸು. ಶಾಲೆಯ ವಸತಿ ಮನೆಗಳು ತುಂಬಿವೆ, ಮೊದಲ ವರ್ಷ ಊರಲ್ಲೇ ಬಾಡಿಗೆಗೆ ಇರಬೇಕಾಗುತ್ತದೆ ಎಂದು ಹೇಳಿ ಒಬ್ಬ ಮನೆಮಾಲೀಕನ ನಂಬರು ಕೊಟ್ಟರು. ಗಂಡ ಅವನೊಂದಿಗೆ ಮಾತಾಡಿದರು. ಕಲಬುರಗಿಯಲ್ಲಿ ಹುಟ್ಟಿದವರಿಗೆ ಹಿಂದಿ ಕಷ್ಟವಲ್ಲ. ನಮ್ಮದು ಗಂಜಿನ ಉರ್ದು ಬೆರೆತ ಹಿಂದಿ, ಅವನದು ಬೆಟ್ಟದ ಹಿಂದಿ, ಅಷ್ಟೆ. ಬಾಡಿಗೆ, ನೀರು, ಕಟ್ಟಿಗೆ ಎಲ್ಲ ಮಾತಾದ ಮೇಲೆ ಅವನು "ನೀವು ಯಾವ ಜನ?" ಎಂದು ಕೇಳಿದನಂತೆ. ಗಂಡ ದಲಿತರು, ಬೌದ್ಧರು ಎಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದವನು ಮತ್ತೆ ಫೋನು ಎತ್ತಲಿಲ್ಲ.

"ಇಲ್ಲಿ ಏನು ಕೇಳಿಲ್ಲೇನು? ಈ ಮನಿ ಸಿಗೋ ಮೊದಲ ಎಷ್ಟು ಮನಿ ನೋಡೀವಿ, ನೆನಪದ ಇಲ್ಲ?" ಎಂದರು ಗಂಡ. ನನಗೆ ಸಮಾಧಾನ ಹೇಳುವುದಕ್ಕೆ ಹಾಗಂದರು. ನಿಜವೂ ಹೌದು. ಆದರೆ ಇಲ್ಲಿ ಒಂದು ಬಾಗಿಲು ಮುಚ್ಚಿದರೆ ಹೋಗಿ ಕೂತುಕೊಳ್ಳಲು ನಮ್ಮವರ ಹತ್ತು ಬಾಗಿಲುಗಳಿವೆ. ಅಲ್ಲಿ ಮಗನಿಗೆ ಜ್ವರ ಬಂದಾಗ ಯಾರ ಬಾಗಿಲು ಬಡಿಯಲಿ?

ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದೆ. ಅವ್ವ ಅಲ್ಲಿ ನನ್ನ ತಮ್ಮ, ತಮ್ಮನ ಹೆಂಡತಿಯ ಜೊತೆ ಇದ್ದಾಳೆ. ಅವರದು ಸ್ವಲ್ಪ ಹೊಲ, ಅದರಲ್ಲಿ ಅರ್ಧಕ್ಕೆ ಕಮಲಾಪುರದ ಕೆಂಪು ಬಾಳೆ. ಬಾಳೆತೋಟದೊಳಗೆ ಹೊಕ್ಕರೆ ಬಿಸಿಲು ಹೊರಗೇ ನಿಲ್ಲುತ್ತದೆ. ಮಗ ಅಲ್ಲಿಗೆ ಹೋದ ಕೂಡಲೇ ಅಂಗಿ ಕಳಚಿ ಪಂಪಿನ ತೊಟ್ಟಿಗೆ ಇಳಿದುಬಿಡುತ್ತಿದ್ದ. ಅವತ್ತೂ ಇಳಿದ. ಮಗಳು ತೊಟ್ಟಿಯ ದಂಡೆಯ ಮೇಲೆ ಕೂತು ಅವನನ್ನು ಕಾಯುತ್ತಿದ್ದಳು. ಅವ್ವ ಬಾಳೆಯ ಒಣಗಿದ ಎಲೆಗಳನ್ನು ಕುಡುಗೋಲಿನಿಂದ ಸವರುತ್ತಿದ್ದಳು. ನಾನು ಅವಳ ಹಿಂದೆ ಹಿಂದೆ ಎಲೆಗಳನ್ನು ಎತ್ತಿಹಾಕುತ್ತ ಕೇಳಿದೆ.

"ಅವ್ವಾ, ಡಾಕ್ಟರು ಕೇಳ್ಯಾರ. ನಮ್ಮ ಕಡಿ ಯಾರಿಗರೆ ಹಿಂಗ ಇತ್ತೇನು? ಹಲ್ಲಿಲ್ಲದ ಗಂಡು ಕೂಸು?"

ಅವ್ವ ಮತ್ತೆರಡು ಎಲೆ ಸವರಿದಳು. ಆಮೇಲೆ ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕೂತಳು.

"ನಿನಕಿಂತ ಮೊದಲ ಒಂದು ಇತ್ತಲ್ಲ" ಎಂದಳು.

ನನಗಿಂತ ಮೊದಲು ಒಂದು ಕೂಸು ಹುಟ್ಟಿ ಹೋಗಿತ್ತು ಎನ್ನುವುದು ನನಗೆ ಗೊತ್ತಿತ್ತು. 'ಸಣ್ಣದರಾಗೇ ಹೋಯ್ತು' ಎನ್ನುವುದಕ್ಕಿಂತ ಹೆಚ್ಚಿಗೆ ಅವ್ವ ಯಾವತ್ತೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಗಂಡು ಕೂಸು. ವರ್ಷ ತುಂಬಿ ಮ್ಯಾಲಾಗಿತ್ತು, ಬಾಯಾಗ ಒಂದೂ ಹಲ್ಲಿಲ್ಲ. ಓಣ್ಯಾಗ ಎಲ್ಲಾರೂ ಬೊಚ್ಚಬಾಯಿ ಮುತ್ಯಾ ಅಂತ ಆಡಸ್ತಿದ್ರು. ನಾ ಕಳೆ ತಗಿಯಾಕ ಹೋದಾಗ ಬೇವಿನ ಗಿಡಕ್ಕ ಸೀರಿ ಕಟ್ಟಿ ಅದರಾಗ ಹಾಕ್ತಿದ್ದೆ. ಬಿಸಿಲೇರಿದಂಗ ಮೈ ಕೆಂಡ ಆಗ್ತಿತ್ತು. ಅಳೋದೂ ಅಳೋದು. ಒಂದಿನ ನನಗ ತಡಿಲಾರದ ತಗೊಂಡು ಹೋಗಿ ಕಾಲುವಿ ನೀರಾಗ ಕೂಡಿಸಿದೆ. ನಕ್ಕಿತು. ಕೈ ಬಡಕೊಂಡು ನಕ್ಕಿತು. ಜ್ವರದ ಕೂಸಿನ ನೀರಾಗ ಕೂಡಸ್ತಿ ಏನ ಅಂತ ಮಂದಿ ಬೈದ್ರು. ನೆಗಡಿಯಾದೀತು ಅಂತ ನಾನೂ ಅಂಜಿದೆ. ದುಪ್ಪಟಿ ಹೊಚ್ಚಿ ಮಲಗಿಸಿದಿವಿ."

ಅವ್ವ ಅಳಲಿಲ್ಲ. ತೊಟ್ಟಿಯ ಕಡೆ ನೋಡಿದಳು. ನನ್ನ ಮಗ ಮುಳುಗಿ ಎದ್ದು ಅಕ್ಕನಿಗೆ ನೀರು ಎರಚುತ್ತಿದ್ದ.

"ಇವನ ಮೊದಲನೇ ಹಲ್ಲು ನೋಡಿದಾಗೇ ನನಗ ಗೊತ್ತಾಗಿತ್ತು. ಬಾಯಿ ಬಿಟ್ಟು ಅಂದ್ರ ಎಲ್ಲಿ ಖರೇ ಆಗ್ತದೋ ಅಂತ ಅನ್ನಲಿಲ್ಲ" ಎಂದಳು.

ಕೈಯಲ್ಲಿದ್ದ ಎಲೆಗಳನ್ನು ಬದುವಿನ ಪಕ್ಕ ಹಾಕಿದೆ. ಆಮೇಲೆ ಅವಳ ಪಕ್ಕ ಕೂತು, ಹಿಮಾಚಲದ ವಿಷಯವೆಲ್ಲ ಹೇಳಿ, "ನೀನೇ ಹೇಳವ್ವ. ಹೋಗಲೋ ಬ್ಯಾಡೋ?" ಎಂದು ಕೇಳಿದೆ. ಹೋಗು ಎನ್ನುತ್ತಾಳೆಂದು ನನಗೆ ಖಾತ್ರಿಯಿತ್ತು. ಅವಳ ಬಾಯಿಂದ ಆ ಮಾತು ಕೇಳಿ ಭಾರ ಇಳಿಸಿಕೊಳ್ಳಬೇಕೆಂದೇ ಬಂದಿದ್ದೆನೋ ಏನೋ.

"ನನ್ನ ಕೇಳಬ್ಯಾಡ ತಂಗಿ" ಎಂದಳು ಅವ್ವ. "ನಾ ಏನು ಹೇಳಿದ್ರೂ ಆ ಕೂಸಿನ ಸಲುವಾಗಿ ಹೇಳಿದಂಗ ಆಗ್ತದ. ನಿನ್ನ ಕೂಸಿನ ಸಲುವಾಗಿ ಅಲ್ಲ. ನೀವು ಗಂಡ ಹೆಂಡತಿ ನೋಡಿ ಮಾಡ್ರಿ."

ಊರಿಗೆ ಮರಳುವಾಗ ಬಸ್ಸಿನಲ್ಲಿ ಮಗಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಅವ್ವನಿಂದ ನನಗೆ ಬಂದದ್ದು, ನನ್ನಿಂದ ಮಗನಿಗೆ ಬಂದದ್ದು, ಇವಳಲ್ಲೂ ಸುಮ್ಮನೆ ಕೂತಿರಬಹುದು ಎಂದು ಆಗ ಹೊಳೆಯಿತು. ನನಗೂ ಎರಡು ಹಲ್ಲು ಹುಟ್ಟಿಯೇ ಇಲ್ಲ. ಅದನ್ನೊಂದು ವಿಷಯವೆಂದು ಯಾರೂ ಎಣಿಸಿರಲಿಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. "ನನ್ನ ಕಡಿಂದೇ ಬಂದದ ರೀ" ಎನ್ನುತ್ತ ಅತ್ತುಬಿಟ್ಟೆ. ಅವರು ಅಂಗಡಿಯಿಂದ ಆಗಷ್ಟೇ ಬಂದು ವಾರ್ನಿಶ್ ಮೆತ್ತಿದ ಕೈಗಳನ್ನು ತೊಳೆಯುತ್ತಿದ್ದರು. "ನಿನ್ನ ಕಡಿಂದ ಅವನ ಕಣ್ಣೂ ಬಂದಾವ. ಅದಕ್ಯಾಕ ಅಳಂಗಿಲ್ಲ?" ಎಂದರು. ಆಮೇಲೆ ಕೈ ಒರೆಸಿಕೊಂಡು, "ಹಿಂಗ ಕುಂತು ಕುಂತು ಅಂಜೋದು ಬ್ಯಾಡ. ನಾ ಅವನ್ನ ಕರ್ಕೊಂಡು ಹೋಗಿ ನೋಡ್ಕೊಂಡು ಬರ್ತೀನಿ" ಎಂದರು.

ಮೇ ತಿಂಗಳಲ್ಲಿ ಅಪ್ಪ ಮಗ ದಿಲ್ಲಿ ರೈಲು ಹತ್ತಿದರು. ನಾನು ಮಗಳ ಜೊತೆ ಉಳಿದೆ. ರೈಲಿನೊಳಗಿನ ಸೆಕೆಯನ್ನು ನೆನೆದೇ ನಾನು ಅರ್ಧ ಜೀವವಾಗಿದ್ದೆ. ಎಸಿ ಬೋಗಿಯೆಂದು ಗೊತ್ತಿದ್ದರೂ ಪ್ರತಿ ದೊಡ್ಡ ನಿಲ್ದಾಣಕ್ಕೆ ಫೋನು ಮಾಡಿ "ಮೈ ಮುಟ್ಟಿ ನೋಡ್ರಿ" ಎನ್ನುತ್ತಿದ್ದೆ. ದಿಲ್ಲಿಯಲ್ಲಿ ಇಳಿದು ಬಸ್ಸು ಹತ್ತುವ ನಡುವೆ ಎರಡು ಬಾಟಲಿ ನೀರನ್ನು ಅವನ ತಲೆಗೇ ಸುರಿದರಂತೆ. ಆಮೇಲೆ ಬೆಟ್ಟ ಏರುತ್ತ ಏರುತ್ತ ಫೋನಿನ ಸಿಗ್ನಲ್ ಹೋಯಿತು.

ಮರುದಿನ ಮಧ್ಯಾಹ್ನ ವೀಡಿಯೋ ಕರೆ ಬಂತು. ಕಲಬುರಗಿಯಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತು. ಪರದೆಯಲ್ಲಿ ಒಂದು ಇಳಿಜಾರು, ಒಂದಿಷ್ಟು ಸಣ್ಣ ಮರಗಳು, ಅವುಗಳ ನಡುವೆ ಬೆಳ್ಳನೆಯ ಬಿಸಿಲು. ಆ ಬಿಸಿಲಿನಲ್ಲಿ ನನ್ನ ಮಗ ಓಡುತ್ತಿದ್ದ. ನೆರಳಿಗೆ ಬರುವುದಕ್ಕಲ್ಲ, ಸುಮ್ಮನೆ ಓಡುತ್ತಿದ್ದ. ಒಂದು ಆಡಿನ ಮರಿ ಅವನ ಮುಂದೆ ಜಿಗಿಯುತ್ತಿತ್ತು.

"ಅಂಗಿ ತೋಯಿಸಿಲ್ಲ ನೀವು! ಅಂಗಿ ಒಣಗ್ಯದ ನೋಡ್ರಿ!" ಎಂದು ನಾನು ಕಿರುಚಿದೆ.

"ಬ್ಯಾಡ" ಎಂದರು ಗಂಡ. ಅವರ ದನಿ ಬೇರೆಯಾಗಿತ್ತು. "ಆವಾಗಿಂದ ಹತ್ತು ಸಲ ಮುಟ್ಟಿ ನೋಡೀನಿ. ತಣ್ಣಗ ಅದ."

ಏಳು ವರ್ಷದಲ್ಲಿ ಮೇ ತಿಂಗಳ ಮಧ್ಯಾಹ್ನ ಅವನ ಮೈಮೇಲೆ ಒಣ ಅಂಗಿ ನೋಡಿದ್ದು ಅದೇ ಮೊದಲು. ಮಗಳು ನನ್ನ ಕೈಯಿಂದ ಫೋನು ಕಸಿದು ತಾನೂ ನೋಡಿದಳು. ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು.

ಆ ಸಂತೋಷ ಬಹಳ ಬಾಳಲಿಲ್ಲ. ಎರಡು ದಿನ ಕಳೆದ ಮೇಲೆ ಕರೆಗಳು ನಿಂತವು. ನಾನು ಮಾಡಿದರೆ ಹತ್ತುತ್ತಿರಲಿಲ್ಲ. ಶಾಲೆಯ ಮುಖ್ಯಸ್ಥೆಯ ಫೋನೂ ಸತ್ತಿತ್ತು. ಅಲ್ಲಿ ಜೋರು ಮಳೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದರು, ಆ ಹಳ್ಳಿಯ ಹೆಸರು ಮಾತ್ರ ಎಲ್ಲೂ ಇಲ್ಲ. ಅಡುಗೆ ಮಾಡಿದೆ, ಉಣ್ಣಲಿಲ್ಲ. ಕೂಲರು ತಿರುಗುತ್ತಲೇ ಇತ್ತು, ಆದರೆ ಅದರ ಮುಂದೆ ಕೂರುವವನೇ ಇರಲಿಲ್ಲ. ಬಿಸಿಲಿನಿಂದ ಉಳಿಸಲು ಹೋಗಿ ಇನ್ನಾವುದರ ಬಾಯಿಗೆ ಕೊಟ್ಟೆನೋ ಎಂದು ತಲೆ ಕೆಟ್ಟುಹೋಯಿತು. ಮೂರನೇ ದಿನ ಗಂಡ ಯಾರದೋ ಫೋನಿನಿಂದ ಮಾತಾಡಿದರು. ಮಳೆಯಲ್ಲಿ ಥಂಡಿ ಹೆಚ್ಚಾಗಿ ಮಗನಿಗೆ ಎದೆ ಕಟ್ಟಿತ್ತು, ಮೂಗಿನಿಂದ ರಕ್ತ ಬಂದಿತ್ತು. ದೊಡ್ಡ ದವಾಖಾನೆಗೆ ಎರಡು ತಾಸಿನ ಹಾದಿ, ನಡುವೆ ಒಂದೆಡೆ ಗುಡ್ಡದ ಮಣ್ಣು ರಸ್ತೆಗೆ ಜಾರಿತ್ತು. ಮಣ್ಣು ಸರಿಸುವ ತನಕ ಜೀಪಿನಲ್ಲೇ ಕಾದು, ಆಮೇಲೆ ಒಯ್ದು ತೋರಿಸಿಕೊಂಡು ಬಂದಿದ್ದರು. "ಈಗ ಆರಾಮ ಅದಾನ. ನೀ ಗಾಬರಿ ಆಗಬ್ಯಾಡ" ಎನ್ನುತ್ತಿದ್ದ ಅವರ ದನಿಯಲ್ಲೇ ಗಾಬರಿ ತುಂಬಿತ್ತು.

ಇಬ್ಬರೂ ಮರಳಿ ಬಂದ ಮೇಲೆ ನೇರವಾಗಿ ಡಾಕ್ಟರ ಹತ್ತಿರ ಹೋದೆವು. ಅವರು ಎದೆಗೆ ಕಿವಿಗೊಟ್ಟು ಕೇಳಿದರು. "ಬೆವರಿಲ್ಲದವರಿಗೆ ಮೂಗಿನೊಳಗಿನ ಪಸಿನೂ ಕಡಿಮಿ ಇರ್ತದ. ಚಳಿಗೆ ಎದಿ ಕಟ್ಟೇ ಕಟ್ತದ. ಅಲ್ಲಿ ಏನೂ ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ" ಎಂದರು.

"ಮತ್ತ ನಾವು ಏನು ಮಾಡೋಣ್ರಿ? ಇಲ್ಲಿ ಬಿಸಿಲು, ಅಲ್ಲಿ ಚಳಿ" ಎಂದೆ. ಸಿಟ್ಟೇ ಬಂದಿತ್ತು ನನಗೆ.

"ಬಿಸಿಲು ಹೊಡದ್ರ ನಿಮ್ಮ ಕೈಯಾಗ ಒಂದು ತಾಸು ಇರ್ತದ ಟೀಚರ್. ಎದಿ ಕಟ್ಟಿದ್ರ ಒಂದೆರಡು ದಿನ ಇರ್ತದ. ನಾ ಹೇಳೋದು ಇಷ್ಟೇ."

ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆವು. ಆದರೂ ತೀರ್ಮಾನಕ್ಕೆ ಬರಲಾಗಲಿಲ್ಲ. ಒಂದು ದಿನ ಹೋಗುವುದೇ ಸರಿ ಎನ್ನಿಸುತ್ತಿತ್ತು, ಮರುದಿನ ಜಾರಿದ ಮಣ್ಣಿನ ಮುಂದೆ ನಿಂತ ಜೀಪು ಕಣ್ಣಿಗೆ ಕಟ್ಟುತ್ತಿತ್ತು. ಗಂಡ ಅಲ್ಲಿ ಇನ್ನೊಂದು ಮನೆಯನ್ನು ನೋಡಿ ಬಂದಿದ್ದರು. ಸೇಬಿನ ತೋಟದ ಒಬ್ಬ ವಿಧವೆ ಮುದುಕಿಯ ಮನೆಯ ಮೇಲಿನ ಎರಡು ಕೋಣೆ. ಆಕೆಗೂ ತಾವು ಯಾರೆಂದು ಮೊದಲೇ ಹೇಳಿದರಂತೆ. ಆಕೆ ಅದಕ್ಕೇನೂ ಅನ್ನದೆ, ಮೆಟ್ಟಿಲ ಮೇಲೆ ಹಿಮ ಬಿದ್ದರೆ ಬೆಳಿಗ್ಗೆ ಸರಿಸುವವರು ಯಾರು ಎಂದು ಕೇಳಿದಳಂತೆ.

"ನಿನಗ ಆ ಊರು ಸೇರ್ತೇನು?" ಎಂದು ಮಗನನ್ನು ಕೇಳಿದೆ.

"ಅಲ್ಲಿ ಹುಡುಗ್ರು ನನ್ನ ಹಲ್ಲು ನೋಡಿ ಓಡಿಹೋದ್ರು ಮಮ್ಮಿ" ಎಂದ. ನಾನು ಅವನನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವನು ಮುಂದುವರಿಸಿದ: "ಆಮ್ಯಾಲ ನಾನೂ ಅವರ ಬೆನ್ನ ಹತ್ತಿ ಓಡಿದೆ. ಮತ್ತ ಅವರು ಓಡಿದ್ರು. ಭಾಳ ದೂರ ಓಡಿದೆವು."

ಓಡಿದ್ದಷ್ಟೇ ಅವನಿಗೆ ನೆನಪಿದ್ದದ್ದು. ಆದರೆ ಇಲ್ಲಿಯ ಗೆಳೆಯರನ್ನು ಬಿಟ್ಟು ಹೋಗಬೇಕು ಎಂದಾಗ ಮುಖ ಸಣ್ಣದು ಮಾಡಿದ. ಅವರನ್ನೂ ಕರೆದುಕೊಂಡು ಹೋಗೋಣ ಎಂದ.

ಮಗಳನ್ನು ನಾವು ಕೇಳಿಯೇ ಇರಲಿಲ್ಲ. ಅವಳಿಗೆ ಇಷ್ಟವಿಲ್ಲವೆಂದು ನಾವಿಬ್ಬರೂ ಅಂದುಕೊಂಡುಬಿಟ್ಟಿದ್ದೆವು. ಒಂದು ಸಂಜೆ ಗಂಡ, "ಹಿಂಗ ಮಾಡೋಣು. ಇವಳ ಹತ್ತನೇತ್ತಾ ಮುಗಿಯೋ ತನಕ ಇಲ್ಲೇ ಇರೋಣು. ಇನ್ನೊಂದು ಇನ್ವರ್ಟರ್ ಹಾಕಸ್ತೀನಿ, ಜನರೇಟರ್ ಬೇಕಾದ್ರೂ ಕೂಡಸ್ತೀನಿ. ಎರಡು ಬ್ಯಾಸಗಿ, ಹೆಂಗರೆ ಮಾಡಿ ದಾಟಸೋಣು" ಎಂದರು. ನನಗೂ ಅದು ಸರಿ ಎನಿಸಿತು. ತೀರ್ಮಾನವನ್ನು ಮುಂದೆ ತಳ್ಳುವುದು ಎಷ್ಟು ಹಿತವಾಗಿರುತ್ತದೆ! ಅಲ್ಲೇ ಜೋಳದ ರೊಟ್ಟಿ ಮುರಿಯುತ್ತ ಕೂತಿದ್ದ ಮಗಳು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟಳು.

"ಪಪ್ಪಾ, ಆ ಎರಡು ಬ್ಯಾಸಗಿ ಮನ್ಯಾಗ ಯಾರು ಇರೋರು?"

ಗಂಡನಿಗೆ ಅರ್ಥವಾಗಲಿಲ್ಲ. "ನೀವೇ ಇರ್ತೀರಲ್ಲ" ಎಂದರು.

"ನಾನೇ ಇರ್ತೀನಿ. ಮಮ್ಮಿ ಸಾಲಿಗೆ ಹೋಗ್ತಾಳ, ನೀವು ಅಂಗಡಿಗೆ ಹೋಗ್ತೀರಿ. ನಾ ಎರಡು ವರ್ಷದಿಂದ ಬ್ಯಾಸಗ್ಯಾಗ ಯಾರ ಮನಿಗೂ ಹೋಗಿಲ್ಲ. ಬಚ್ಚಲಕ್ಕ ಹೋದ್ರೂ ಬಾಗಲಾ ತಕ್ಕೊಂಡೇ ಇರ್ತೀನಿ, ಕೂಲರಿನ ಸಪ್ಪಳ ಕೇಳ್ಬೇಕಂತ. ಅವತ್ತು ನಾ ಕರದ್ರ ಅವ ಓ ಅನ್ನಲಿಲ್ಲ. ನೀವಿಬ್ರೂ ಇರಲಿಲ್ಲ, ನಾನೊಬ್ಬಾಕಿನೇ ಇದ್ದೆ." ಅವಳು ತಾಟನ್ನು ದೂರ ಸರಿಸಿದಳು. "ನನಗ ಇನ್ನ ಆಗಂಗಿಲ್ಲ ಪಪ್ಪಾ. ಎಲ್ಲಿಗರೆ ಹೋಗೋಣು."

ಆಮೇಲೆ ಯಾರೂ ಊಟ ಮಾಡಲಿಲ್ಲ. ಗಂಡ ಎದ್ದು ಹೋಗಿ ಮಗಳ ಪಕ್ಕ ಕೂತರು. ನಾನು ಅವಳನ್ನೇ ನೋಡುತ್ತಿದ್ದೆ. ಮಗನ ಮೈಯನ್ನು ದಿನಕ್ಕೆ ನೂರು ಸಲ ಮುಟ್ಟಿ ನೋಡುವ ನಾನು ಇವಳ ಹಣೆಯನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ. ಆ ಬಾಗಿಲಲ್ಲಿ ನಿಂತು ಸುಮ್ಮನೆ ಒಳಗೆ ಹೋಗಿದ್ದಳಲ್ಲ, ಬೇಡವೆಂದು ಹೋಗಿರಲಿಲ್ಲ, ಎಲ್ಲಿ ನಾವು ಬೇಡ ಎಂದುಬಿಡುತ್ತೇವೋ ಎನ್ನುವ ಅಂಜಿಕೆಯಿಂದ ಹೋಗಿದ್ದಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಗಂಡ, "ಚಳಿಗಿ ಒಂದರ ಮ್ಯಾಲ ಒಂದು ಹೊಚ್ಚಬಹುದು. ಬಿಸಿಲಿಗಿ ಏನು ಮಾಡಾಕ ಬರ್ತದ? ಹೋಗೋಣು" ಎಂದರು.

ಜೂನ್ ಕೊನೆಯ ವಾರ ಹೊರಟೆವು. ಗಂಡ ನಮ್ಮನ್ನು ಅಲ್ಲಿ ಬಿಟ್ಟು, ಅಂಗಡಿಯ ವ್ಯವಸ್ಥೆ ಮಾಡಲು ವಾಪಸು ಬರುವವರು. ಅವ್ವ ತಮ್ಮನ ಜೊತೆ ಕಮಲಾಪುರದಿಂದ ಸ್ಟೇಷನ್ನಿಗೆ ಬಂದಿದ್ದಳು. ಹಸಿರಾಗಿದ್ದ ಗೊನೆಯಿಂದ ಒಂದು ಚಿಪ್ಪು ಬಾಳೆಕಾಯಿ, ಖಡಕ್ ರೊಟ್ಟಿಯ ಗಂಟು, ನಂಚಿಕೊಳ್ಳಲು ಶೇಂಗಾ ಹಿಂಡಿ ತಂದಿದ್ದಳು. ರೈಲು ಬರುವ ತನಕ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒದ್ದೆ ಟವೆಲಿನಿಂದ ಅವನ ಬೆನ್ನು ಒರೆಸುತ್ತಿದ್ದಳು. ನನಗೆ ಹೇಳಿದ್ದು ಒಂದೇ ಮಾತು: "ಹೋಗಿ ಮುಟ್ಟಿದ ಮ್ಯಾಲ ಫೋನ್ ಮಾಡು."

ಎರಡು ವರ್ಷವಾಯಿತು. ಸರಿಯಾಯಿತೇ ಎಂದು ಕೇಳಿದರೆ ಥಟ್ಟನೆ ಹೌದೆನ್ನಲು ನಾಲಿಗೆ ಏಳುವುದಿಲ್ಲ. ಮೊದಲ ಚಳಿಗಾಲದ ಹೊಸ್ತಿಲಲ್ಲೇ ಮಗನಿಗೆ ಎರಡು ಸಲ ಎದೆ ಕಟ್ಟಿತು. ಒಂದು ಸಲ ಆ ಎರಡು ತಾಸಿನ ಹಾದಿಯಲ್ಲಿ ಅವನ ಉಸಿರನ್ನೇ ಕೇಳುತ್ತ ಕೂತಿದ್ದೆ. ಡಾಕ್ಟರು ಹೇಳಿದಂತೆ ನಮ್ಮ ಕೈಯಲ್ಲಿ ವೇಳೆಯಿತ್ತು, ಉಳಿದ. ಹಿಮ ಬೀಳುವ ತಿಂಗಳುಗಳಲ್ಲಿ ಇಲ್ಲಿಯ ಶಾಲೆಗೆ ದೊಡ್ಡ ರಜೆ. ಆಗ ನಾವೆಲ್ಲ ಕಮಲಾಪುರಕ್ಕೆ ಹೋಗುತ್ತೇವೆ. ಜನವರಿಯ ಎಳೆ ಬಿಸಿಲು ಅವನಿಗೇನೂ ಮಾಡುವುದಿಲ್ಲ. ತೊಗರಿ ರಾಶಿ ಮುಗಿದು ಮಿಲ್ಲುಗಳು ತಿರುಗುವ ಕಾಲವೂ ಅದೇ ಆದ್ದರಿಂದ ಗಂಡ ಆ ಹಂಗಾಮು ಪೂರ್ತಿ ಅಂಗಡಿಯಲ್ಲೇ ಉಳಿದು, ಬಿಸಿಲೇರಿದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ಇಲ್ಲಿ ಅವರಿಗೆ ಹಿಟ್ಟಿನ ಗಿರಣಿಯ ಮೋಟಾರು, ನೀರೆತ್ತುವ ಪಂಪು, ಅಷ್ಟೇ ಕೆಲಸ. ಮೊದಲಿಗಿಂತ ಮಾತು ಕಡಿಮೆ ಮಾಡಿದ್ದಾರೆ. ರಜೆಯ ಆಚೀಚೆ ಹಿಮ ಬಿದ್ದರೆ ಮುದುಕಿಯ ಮೆಟ್ಟಿಲ ಮೇಲಿನದನ್ನು ಅವರಿದ್ದರೆ ಅವರು, ಇಲ್ಲದಿದ್ದರೆ ನಾನು ಮಗಳು ಸರಿಸುತ್ತೇವೆ. ಊರಿನಲ್ಲಿ ಕೆಲವರ ಮನೆಗೆ ನಮ್ಮನ್ನು ಒಳಗೆ ಕರೆಯುತ್ತಾರೆ, ಕೆಲವರು ಅಂಗಳದಲ್ಲೇ ಕುರ್ಚಿ ಹಾಕುತ್ತಾರೆ.

ಈ ಮೇ ತಿಂಗಳಲ್ಲಿ ಒಂದು ದಿನ ಮಗಳು ಮಧ್ಯಾಹ್ನ ಶಾಲೆಯಿಂದ ಬಂದು, ಊಟ ಮಾಡಿ, ಮೇಲಿನ ಊರಿನ ಗೆಳತಿಯ ಮನೆಗೆ ಹೋಗುತ್ತೇನೆಂದು ಹೊರಟಳು. ಹೊತ್ತು ಮುಳುಗಲು ಬಂದರೂ ಸುಳಿವಿಲ್ಲ. ಫೋನು ಮಂಚದ ಮೇಲೇ ಬಿದ್ದಿತ್ತು. ನಾನು ಗಾಬರಿಯಾಗಿ ಮೆಟ್ಟಿಲಿಳಿದು ಹಾದಿಯ ತಿರುವಿನ ತನಕ ಹೋದೆ. ಅವಳು ಮೂವರು ಹುಡುಗಿಯರ ಜೊತೆ ಕಾಡುಹಣ್ಣು ತಿನ್ನುತ್ತ, ಬಾಯಿ ಕೆಂಪಾಗಿ, ನಗುತ್ತ ಇಳಿದು ಬರುತ್ತಿದ್ದಳು. ನಾನು ಅಲ್ಲೇ ಬೈದೆ. ಫೋನು ಯಾಕೆ ಒಯ್ಯಲಿಲ್ಲ, ಮನೆಯಲ್ಲಿ ತಮ್ಮನಿದ್ದಾನೆಂದು ನೆನಪಿರಲಿಲ್ಲವೇ ಎಂದೆ.

"ಮರತೇಬಿಟ್ಟೆ ಮಮ್ಮಿ" ಎಂದಳು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಆಶ್ಚರ್ಯವಾದಂತೆ ನನ್ನ ಮುಖ ನೋಡಿದಳು.

ನಾನು ಬೈಯುವುದನ್ನು ನಿಲ್ಲಿಸಿದೆ. ಅವಳ ಅಂಗೈಯಲ್ಲಿ ಉಳಿದಿದ್ದ ಹಣ್ಣುಗಳನ್ನು ನನಗೂ ಕೊಟ್ಟಳು. ಹುಳಿಯಿದ್ದವು. ತಿನ್ನುತ್ತ ಇಬ್ಬರೂ ಮನೆಯ ಕಡೆ ನಡೆದೆವು. ಮೇಲಿನ ಕೋಣೆಯಿಂದ ಮಗ ಕೆಮ್ಮುವ ಸದ್ದು ಕೇಳಿಸಿತು, ನಾನು ಹೆಜ್ಜೆ ಚುರುಕು ಮಾಡಿದೆ.